ಕಾದ ಪೈಪಿಗೆ ತಣ್ಣೀರಿನ ಪೆಟ್ಟು: ಅಣು ಸ್ಥಾವರದ ಲೋಹ ದಣಿಯುವುದೆಲ್ಲಿ?

2018ರ ಡಿಸೆಂಬರ್ 31ರಂದು ಕೈಗಾದ ಒಂದನೇ ಘಟಕವನ್ನು ನಿಲ್ಲಿಸಿದಾಗ ಅದು 962 ದಿನ ಎಡೆಬಿಡದೆ ಓಡಿತ್ತು. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿದದ್ದು ಆಗ ದೊಡ್ಡ ಸುದ್ದಿಯಾಯಿತು. ಪೈಪಿನ ಆಯುಷ್ಯ ಲೆಕ್ಕ ಹಾಕುವವರಿಗೆ ಆ ಸುದ್ದಿಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. 2016ರ ಮೇ 13ರಿಂದ ಆ ದಿನದವರೆಗೆ, ಎರಡೂವರೆ ವರ್ಷಕ್ಕೂ ಮೀರಿ, ಆ ಘಟಕದ ಮುಖ್ಯ ಪೈಪುಗಳು ಒಂದು ಸಲ ಕಾದು ಒಂದು ಸಲ ಆರಿದವು. ದಣಿವಿನ ಲೆಕ್ಕದ ಪುಸ್ತಕದಲ್ಲಿ ಅದು ಒಂದೇ ಒಂದು ಗೆರೆ. ಇದೇ ಅವಧಿಯಲ್ಲಿ ತಿಂಗಳಿಗೊಮ್ಮೆ ನಿಂತು ಹೊರಡುವ ಘಟಕವಿದ್ದಿದ್ದರೆ ಮೂವತ್ತು ಗೆರೆ ಬೀಳುತ್ತಿತ್ತು.

ಈಗ ಇದನ್ನು ಎತ್ತಲು ಕಾರಣವಿದೆ. 2047ಕ್ಕೆ ಅಣು ವಿದ್ಯುತ್ತಿನ ಸಾಮರ್ಥ್ಯವನ್ನು 100 ಗಿಗಾವಾಟಿಗೆ ಏರಿಸುವ ಗುರಿಯನ್ನು 2025ರ ಕೇಂದ್ರ ಬಜೆಟ್ ಘೋಷಿಸಿತು. ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದು ಮತ್ತು ಆರನೇ ಘಟಕಗಳ ಕೆಲಸ ನಡೆದಿದೆ. 2000ನೇ ಇಸವಿಯಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದ ಮೊದಲೆರಡು ಘಟಕಗಳಿಗೆ 25 ವರ್ಷ ತುಂಬಿದೆ. ಇನ್ನೊಂದು ಕಡೆ ಹಗಲಿನ ಸೌರ ವಿದ್ಯುತ್ತು ಹೆಚ್ಚಿದಂತೆ, ಉಳಿದ ಸ್ಥಾವರಗಳು ಮಧ್ಯಾಹ್ನ ತಗ್ಗಿ ಸಂಜೆ ಏರಬೇಕೆಂಬ ಒತ್ತಾಯವೂ ಹೆಚ್ಚುತ್ತಿದೆ. ಮಂಗಳೂರು, ಉಡುಪಿಯಲ್ಲಿ ಕೈಗಾದ ಮಾತು ಬಂದರೆ ವಿಕಿರಣ, ಕಾಳಿ ನದಿ, ಕಾಡು, ಪುನರ್ವಸತಿ ಇವೇ ಮುಂದೆ ಬರುತ್ತವೆ. ಅವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಹಳೆಯ ಘಟಕದ ಆಯುಷ್ಯ ಹೆಚ್ಚಿಸಬಹುದೇ, ಅದನ್ನು ಏರಿಳಿಸಿ ಓಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಹುಮಟ್ಟಿಗೆ ಪೈಪುಗಳಲ್ಲಿ, ಅದರಲ್ಲೂ ತಣ್ಣೀರು ಬಿಸಿನೀರನ್ನು ಸೇರುವ ಕೆಲವೇ ಗೇಣು ಜಾಗದಲ್ಲಿ.

ದೋಸೆಯ ಕಾವಲಿ ದಿನವಿಡೀ ಒಲೆಯ ಮೇಲಿದ್ದರೂ ಹಾಳಾಗುವುದಿಲ್ಲ. ಕಾದ ಬೀಡಿನ ಕಾವಲಿಯನ್ನು ಹಾಗೇ ನಲ್ಲಿಯಡಿ ಹಿಡಿದರೆ ಸೀಳುತ್ತದೆ. ಕೆಡಿಸಿದ್ದು ಬಿಸಿಯಲ್ಲ, ಒಂದೇ ಲೋಹದ ಎರಡು ಕಡೆ ಒಂದೇ ಕ್ಷಣದಲ್ಲಿ ಎರಡು ಉಷ್ಣತೆ ಇದ್ದದ್ದು. ಪೈಪಿನ ಇಡೀ ವಿಷಯ ಈ ಒಂದು ಮಾತಿನ ವಿಸ್ತರಣೆ.

ಲೆಕ್ಕಕ್ಕೆ ಬರೋಣ. ಕೈಗಾದಲ್ಲಿ ಈಗ ಓಡುತ್ತಿರುವಂಥ 220 ಮೆಗಾವಾಟಿನ ಘಟಕದಲ್ಲಿ ಶಾಖ ಹೊರುವ ಭಾರಜಲ (ಜಲಜನಕದ ಭಾರದ ರೂಪವಿರುವ ನೀರು) ಸುಮಾರು 249 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಿಯಾಕ್ಟರಿನೊಳಗೆ ಹೋಗಿ ಸುಮಾರು 293 ಡಿಗ್ರಿಯಲ್ಲಿ ಹೊರಬರುತ್ತದೆ. ಇಂಧನ ಇರುವ ಚಾನೆಲ್‌ಗಳು 306. ಪ್ರತಿ ಚಾನೆಲ್ಲಿಗೆ ಒಳಬರುವ ಫೀಡರ್ ಒಂದು, ಹೊರಹೋಗುವ ಫೀಡರ್ ಒಂದು; ಒಟ್ಟು 612 ಸಣ್ಣ ಪೈಪುಗಳು. ಇವು ಕೂಡುವ ಹೆಡರ್‌ಗಳು, ಪಂಪುಗಳು, ಈ ಶಾಖದಿಂದ ಉಗಿ ಹುಟ್ಟಿಸುವ ಸ್ಟೀಮ್ ಜನರೇಟರ್‌ಗಳ ನಡುವಿನ ದೊಡ್ಡ ಪೈಪುಗಳು ಕಾರ್ಬನ್ ಉಕ್ಕಿನವು. ಈ ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 30 ಡಿಗ್ರಿಯಲ್ಲಿ ಜೋಡಿಸಿದ 10 ಮೀಟರ್ ಪೈಪು 290 ಡಿಗ್ರಿಗೆ ಬರುವಷ್ಟರಲ್ಲಿ 31 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿಯನ್ನು ಅಲುಗದಂತೆ ಹಿಡಿದರೆ ಒಳಗೆ ಹುಟ್ಟುವ ಸ್ಟ್ರೆಸ್, ಅಂದರೆ ಲೋಹದೊಳಗಿನ ಬಿಗಿತ, ಲೆಕ್ಕದ ಪ್ರಕಾರ 620 ಮೆಗಾಪಾಸ್ಕಲ್ (ಆ ಬಿಗಿತದ ಅಳತೆ) ದಾಟುತ್ತದೆ. ಇಂಥ ಉಕ್ಕು 240 ಮೆಗಾಪಾಸ್ಕಲ್ ಆಸುಪಾಸಿನಲ್ಲೇ ಸೋತು ಬಾಗತೊಡಗುತ್ತದೆ. ಆದ್ದರಿಂದಲೇ ಸ್ಥಾವರದ ಪೈಪು ನೇರವಾಗಿ ಹೋಗುವುದಿಲ್ಲ. ಮೂಲೆ ಸುತ್ತಿ, ಮೇಲೆ ಹತ್ತಿ ಇಳಿದು, ಹಿಗ್ಗಿದ್ದನ್ನು ಬಾಗಿ ನುಂಗಿಕೊಳ್ಳುವಂತೆ ಅದನ್ನು ಒಯ್ದಿರುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪೈಪಿನೊಳಗಿನ ನೀರಿನ ಒತ್ತಡ ಹುಟ್ಟಿಸುವ ಸ್ಟ್ರೆಸ್ ಪಟ್ಟು ಬಿಡುವುದಿಲ್ಲ. ಲೋಹ ಸೋತರೂ ತಳ್ಳುತ್ತಲೇ ಇರುತ್ತದೆ. ಉಷ್ಣದ ಸ್ಟ್ರೆಸ್ ಹಾಗಲ್ಲ. ಲೋಹ ಕೂದಲೆಳೆಯಷ್ಟು ಬಾಗಿಕೊಟ್ಟರೆ ಅದು ತಾನೇ ತಗ್ಗುತ್ತದೆ. ಆದ್ದರಿಂದ ಒಂದು ಸಲದ ಉಷ್ಣ ಸ್ಟ್ರೆಸ್ಸಿನಿಂದ ಒಳ್ಳೆಯ ಉಕ್ಕಿನ ಪೈಪು ಒಡೆಯುವುದು ಅಪರೂಪ. ವಿನ್ಯಾಸದ ನಿಯಮಾವಳಿಗಳು ಅದಕ್ಕಾಗಿಯೇ ಉಷ್ಣದ ಸ್ಟ್ರೆಸ್ಸಿಗೆ ಹೆಚ್ಚು ಸಡಿಲು ಕೊಟ್ಟು, ಬದಲಿಗೆ ಎಷ್ಟು ಸಲ ಎಂದು ಕೇಳುತ್ತವೆ. ಬೇಲಿಯ ತಂತಿಯನ್ನು ಒಮ್ಮೆ ಬಾಗಿಸಿದರೆ ಬಾಗುತ್ತದೆ, ಹಿಂದೆ ಮುಂದೆ ಮಾಡುತ್ತ ಹೋದರೆ ತುಂಡಾಗುತ್ತದೆ. ಲೋಹದ ದಣಿವು ಎಂದರೆ ಇದು.

ಮೈ ಮತ್ತು ಚರ್ಮ

ಇಡೀ ಪೈಪು ಒಟ್ಟಿಗೆ ಹಿಗ್ಗುವುದು ಒಂದು ಬಗೆ. ಗೋಡೆಯ ಒಳಮೈ ಮಾತ್ರ ಹಠಾತ್ತನೆ ತಣ್ಣಗಾಗುವುದು ಇನ್ನೊಂದು, ಮತ್ತು ಇದೇ ಹೆಚ್ಚು ಕ್ರೂರ. ಒಳಮೈ ಕುಗ್ಗಲು ನೋಡುತ್ತದೆ, ಅದರ ಹಿಂದಿರುವ ದಪ್ಪ ಬಿಸಿ ಲೋಹ ಬಿಡುವುದಿಲ್ಲ. ಪೈಪನ್ನು ಯಾವ ಕ್ಲ್ಯಾಂಪೂ ಹಿಡಿದಿರಬೇಕಾಗಿಲ್ಲ, ಅದರ ಮೈಯೇ ಅದರ ಚರ್ಮವನ್ನು ಹಿಡಿದಿಡುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಇಂಥ ಹಠಾತ್ ಬದಲಾವಣೆಗೆ ಡಿಗ್ರಿಯೊಂದಕ್ಕೆ ಸುಮಾರು 4.6 ಮೆಗಾಪಾಸ್ಕಲ್ ಸ್ಟ್ರೆಸ್ ಬರುತ್ತದೆ; 100 ಡಿಗ್ರಿಗೆ 460.

ಸ್ಟೇನ್‌ಲೆಸ್ ಹಾಕಿದರೆ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮ ಕಾರ್ಖಾನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ತುಕ್ಕಿನ ಮಟ್ಟಿಗೆ ಅದು ಸರಿ, ಉಷ್ಣದ ದಣಿವಿನ ಮಟ್ಟಿಗೆ ತಪ್ಪು. ಸ್ಟೇನ್‌ಲೆಸ್ ಕಾರ್ಬನ್ ಉಕ್ಕಿಗಿಂತ ಸುಮಾರು 40 ಪ್ರತಿಶತ ಹೆಚ್ಚು ಹಿಗ್ಗುತ್ತದೆ. ಉಷ್ಣವನ್ನು ಸಾಗಿಸುವುದರಲ್ಲಿ ಕಾರ್ಬನ್ ಉಕ್ಕಿನ ಮೂರನೇ ಒಂದು ಪಾಲಿನಷ್ಟೇ ಚುರುಕು. ಹೆಚ್ಚು ಹಿಗ್ಗುವ, ಬಿಸಿಯನ್ನು ಬೇಗ ಹಂಚಿಕೊಳ್ಳದ ಲೋಹದಲ್ಲಿ ಒಳಮೈ ಹೊರಮೈಗಳ ನಡುವಿನ ಜಗಳ ಜಾಸ್ತಿ. ಮುಂದೆ ಬರುವ ಸೋರಿಕೆಗಳಲ್ಲಿ ಹಲವು ಸ್ಟೇನ್‌ಲೆಸ್ ಪೈಪಿನಲ್ಲೇ ಆದವು.

ಮಂಗಳೂರಿನ ತೈಲ ಸಂಸ್ಕರಣೆ ಬಲ್ಲವರಿಗೆ ಈ ಪೆಟ್ಟು ಹೊಸದಲ್ಲ. ಕಚ್ಚಾ ತೈಲದ ಗಟ್ಟಿ ಉಳಿಕೆಯನ್ನು ಕೋಕ್ ಮಾಡುವ ಕೋಕರ್ ಘಟಕದ ಡ್ರಮ್ಮು ಒಂದೆರಡು ದಿನಕ್ಕೊಮ್ಮೆ 450 ಡಿಗ್ರಿ ಹತ್ತಿರಕ್ಕೆ ಕಾದು, ಆಮೇಲೆ ನೀರು ತುಂಬಿಸಿಕೊಂಡು ಆರುತ್ತದೆ. ಅದನ್ನು ಹೊತ್ತು ನಿಂತ ತಳದ ಸ್ಕರ್ಟಿನ ಬೆಸುಗೆ ಬಿರಿಯುವುದು, ಮೈ ಉಬ್ಬುವುದು ಲೋಕದ ಎಲ್ಲ ಸಂಸ್ಕರಣಾಗಾರಗಳಿಗೂ ಗೊತ್ತಿರುವ ಕಾಟ. ವ್ಯತ್ಯಾಸ ಇಷ್ಟು: ಕೋಕರ್ ಡ್ರಮ್ಮಿನ ಆವರ್ತನ (ಒಮ್ಮೆ ಕಾದು ಒಮ್ಮೆ ಆರುವ ಸುತ್ತು) ಎಲ್ಲರ ಕಣ್ಣೆದುರು ನಡೆಯುತ್ತದೆ, ಲಾಗ್ ಪುಸ್ತಕದಲ್ಲಿ ಸಿಗುತ್ತದೆ. ಅಣು ಸ್ಥಾವರದಲ್ಲಿ ತೊಂದರೆ ಕೊಟ್ಟ ಆವರ್ತನಗಳು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಳಿವೆಯಲ್ಲಿ ನಡೆಯುವುದು ಪೈಪಿನಲ್ಲೂ ನಡೆಯುತ್ತದೆ

ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆಬಾಗಿಲಿನಲ್ಲಿ ಬೇಸಿಗೆಯ ಉಬ್ಬರಕ್ಕೆ ಉಪ್ಪುನೀರು ಒಳಗೆ ಬರುತ್ತದೆ. ಅದು ಸಿಹಿನೀರಿನೊಂದಿಗೆ ಕೂಡಲೇ ಬೆರೆಯುವುದಿಲ್ಲ. ಭಾರವಾದ ಉಪ್ಪುನೀರು ತಳದಲ್ಲಿ ಬೆಣೆಯಂತೆ ನುಗ್ಗುತ್ತದೆ, ಹೊಳೆನೀರು ಅದರ ಬೆನ್ನಮೇಲೆ ಜಾರಿ ಹೋಗುತ್ತದೆ. ಎರಡರ ತೂಕದಲ್ಲಿ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಎರಡೂವರೆ.

30 ಡಿಗ್ರಿಯ ನೀರು ಘನಮೀಟರಿಗೆ 995 ಕಿಲೋ ತೂಗಿದರೆ, ಒತ್ತಡದಲ್ಲಿ ಕುದಿಯದೆ ಉಳಿದ 290 ಡಿಗ್ರಿಯ ನೀರು ಸುಮಾರು 730 ಕಿಲೋ ತೂಗುತ್ತದೆ. ಇಲ್ಲಿ ವ್ಯತ್ಯಾಸ ನೂರಕ್ಕೆ 26. ಅಡ್ಡ ಮಲಗಿದ ಪೈಪಿನಲ್ಲಿ ತಣ್ಣೀರು ನಿಧಾನವಾಗಿ ಬಂದರೆ ಅದು ತಳ ಹಿಡಿಯುತ್ತದೆ, ಬಿಸಿನೀರು ಮೇಲೆ ನಿಲ್ಲುತ್ತದೆ. ಒಂದೇ ಪೈಪಿನ ನೆತ್ತಿ 250 ಡಿಗ್ರಿ, ತಳ 100 ಡಿಗ್ರಿ ಇರಲು ಸಾಧ್ಯ. ಹರಿವು ಜೋರಾಗಿದ್ದರೆ ಕಲಕಿ ಒಂದಾಗುತ್ತದೆ. ತೊಂದರೆ ಇರುವುದು ತೊಟ್ಟಿಕ್ಕುವ ಹರಿವಿನಲ್ಲಿ. ಹೆಚ್ಚು ನೀರಿಗಿಂತ ಕಡಿಮೆ ನೀರು ಹೆಚ್ಚು ಕೆಡುಕು ಮಾಡುವ ಅಪರೂಪದ ಜಾಗವಿದು.

ನೆತ್ತಿ ಹೆಚ್ಚು ಹಿಗ್ಗಿ ತಳ ಕಡಿಮೆ ಹಿಗ್ಗಿದರೆ ಪೈಪು ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. 300 ಮಿಲಿಮೀಟರ್ ವ್ಯಾಸದ, 10 ಮೀಟರ್ ಉದ್ದದ ಕಾರ್ಬನ್ ಉಕ್ಕಿನ ಪೈಪಿನಲ್ಲಿ ಮೇಲೆ ಕೆಳಗೆ 100 ಡಿಗ್ರಿ ವ್ಯತ್ಯಾಸವಿದ್ದು ತುದಿಗಳು ಬರಿದೇ ಕೂತಿದ್ದರೆ ನಡುಭಾಗ 50 ಮಿಲಿಮೀಟರ್ ಏಳುತ್ತದೆ. ಬಿಡದೆ ಹಿಡಿದರೆ ಆ ಬಲವೆಲ್ಲ ತುದಿಯ ನಾಝಲ್ (ಪೈಪು ಪಾತ್ರೆಗೆ ಸೇರುವ ಮೂತಿ) ಮೇಲೆ ಬೀಳುತ್ತದೆ. ಅಮೆರಿಕದ ಟ್ರೋಜನ್ ಸ್ಥಾವರದಲ್ಲಿ ಒತ್ತಡ ಕಾಯುವ ಪಾತ್ರೆಯಾದ ಪ್ರೆಷರೈಸರಿಗೆ ಹೋಗುವ ಸರ್ಜ್ ಲೈನು ಎಂಬ ಪೈಪು ವಿನ್ಯಾಸಕಾರರು ಊಹಿಸದ ರೀತಿಯಲ್ಲಿ ಸರಿದದ್ದು ಗೊತ್ತಾದ ಮೇಲೆ, ಅಲ್ಲಿನ ನಿಯಂತ್ರಣ ಮಂಡಳಿ 1988ರ ಡಿಸೆಂಬರಿನಲ್ಲಿ ಅಂಥ ಎಲ್ಲ ಸ್ಥಾವರಗಳೂ ತಮ್ಮ ಸರ್ಜ್ ಲೈನನ್ನು ಮತ್ತೆ ಲೆಕ್ಕ ಹಾಕಬೇಕೆಂದು ಆದೇಶಿಸಿತು. ಅದುವರೆಗಿನ ಲೆಕ್ಕಗಳೆಲ್ಲ ಪೈಪಿನ ಸುತ್ತಲೂ ಒಂದೇ ಉಷ್ಣತೆ ಎಂದು ಹಿಡಿದು ಮಾಡಿದವು.

ಮುಚ್ಚಿದೆ ಎಂದುಕೊಂಡ ವಾಲ್ವು

ಸ್ಥಾವರದ ಕೆಲಸಗಾರರ ಬಾಯಲ್ಲಿ ಒಂದು ಮಾತಿದೆ: ವಾಲ್ವ್ ಪಾಸ್ ಆಗುತ್ತಿದೆ. ಹಿಡಿ ಪೂರ್ತಿ ಮುಚ್ಚಿದೆ, ಫಲಕದ ಮೇಲೆ ಮುಚ್ಚಿದ ದೀಪ ಉರಿಯುತ್ತಿದೆ, ಆದರೆ ಸೀಟಿನ ಮೇಲೊಂದು ಗೀರು ಇದ್ದು ನೀರು ಎಳೆಯೆಳೆಯಾಗಿ ದಾಟುತ್ತಿದೆ. ಮನೆಯ ನಲ್ಲಿಯಾದರೆ ವಾಷರ್ ಬದಲಿಸಿದರೆ ಮುಗಿಯಿತು. ಅಣು ಸ್ಥಾವರದ ತುರ್ತು ನೀರು ಪೂರೈಕೆಯ ಪೈಪಿನಲ್ಲಿ ಆ ಎಳೆ ನೀರು ಏನು ಮಾಡಬಲ್ಲದು ಎಂಬುದು 1987ರ ಡಿಸೆಂಬರಿನಲ್ಲಿ ಅಮೆರಿಕದ ಫಾರ್ಲಿ ಸ್ಥಾವರದ ಎರಡನೇ ಘಟಕದಲ್ಲಿ ತಿಳಿಯಿತು.

ಆ ಪೈಪು ಮಾಮೂಲಿ ದಿನಗಳಲ್ಲಿ ಬಳಕೆಯಲ್ಲಿಲ್ಲ. ಒಂದು ತುದಿ ಬಿಸಿ ಮುಖ್ಯ ಪೈಪಿಗೆ ಸೇರಿದೆ, ಇನ್ನೊಂದು ಕಡೆ ಮುಚ್ಚಿದ ವಾಲ್ವಿನ ಆಚೆ ಹೆಚ್ಚು ಒತ್ತಡದ ತಣ್ಣೀರು ನಿಂತಿದೆ. ಸೀಟಿನಿಂದ ಜಾರಿದ ತಣ್ಣೀರು ಪೈಪಿನ ತಳದಲ್ಲಿ ಹರಿದು ಬಂತು. ಅತ್ತ ಮುಖ್ಯ ಪೈಪಿನ ರಭಸದ ಹರಿವು ಈ ಕುರುಡು ಕವಲಿನೊಳಗೆ ಸುಳಿ ಸುಳಿಯಾಗಿ ಬಿಸಿನೀರನ್ನು ನೂಕುತ್ತಿತ್ತು. ಎರಡೂ ಸಂಧಿಸುವ ಗೆರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಲಾಡಿತು. ಆ ಓಲಾಟದ ಜಾಗದಲ್ಲಿದ್ದ ಬೆಸುಗೆ ಕಾದು ಆರಿ, ಕಾದು ಆರಿ ಕೊನೆಗೆ ಆರಪಾರ ಬಿರಿಯಿತು. ಮರುವರ್ಷ ಜೂನಿನಲ್ಲಿ ಬೆಲ್ಜಿಯಂನ ತಿಹಾಂಜ್ ಒಂದನೇ ಘಟಕದಲ್ಲಿ ಇದೇ ಬಗೆಯ ಸೋರಿಕೆ. ಅದೇ ತಿಂಗಳು ಜಪಾನಿನ ಗೆಂಕಾಯಿಯಲ್ಲಿ, ಈ ಸಲ ವಾಲ್ವಿನ ಗ್ಲ್ಯಾಂಡಿನಿಂದ (ಅದರ ಕಡ್ಡಿ ಹೊರಬರುವ ಕಡೆಯ ಬಿಗಿ) ಹೊರಗೆ ಸೋರಿದ ನೀರು ಒಳಗಿನ ಬಿಸಿನೀರನ್ನು ಎಳೆದು ತಂದದ್ದರಿಂದ, ಇನ್ನೊಂದು ಬಿರುಕು.

ಮೂರೂ ಕಡೆ ವಿನ್ಯಾಸದ ಲೆಕ್ಕ ತಪ್ಪಿರಲಿಲ್ಲ. ವಾಲ್ವು ಮುಚ್ಚಿದೆ, ಹರಿವಿಲ್ಲ, ಆದ್ದರಿಂದ ಆವರ್ತನ ಸೊನ್ನೆ ಎಂದು ಬರೆದಿತ್ತು. ತಪ್ಪಿದ್ದು ವಾಲ್ವಿನ ಮೇಲಿನ ನಂಬಿಕೆ.

ಹೊಸ ಸ್ಥಾವರಕ್ಕೂ ಇದು ತಪ್ಪಿದ್ದಲ್ಲ ಎಂಬುದಕ್ಕೆ ಫ್ರಾನ್ಸಿನ ಸಿವೋ ಸಾಕ್ಷಿ. 1450 ಮೆಗಾವಾಟಿನ, ಆಗಷ್ಟೇ ಕೆಲಸ ಶುರುಮಾಡಿದ್ದ ಘಟಕ. 1998ರ ಮೇ 12ರಂದು, ರಿಯಾಕ್ಟರ್ ನಿಂತಿದ್ದಾಗ, ಉಳಿದ ಶಾಖವನ್ನು ತೆಗೆಯುವ ವ್ಯವಸ್ಥೆಯ ಪೈಪಿನಿಂದ ಗಂಟೆಗೆ ಸುಮಾರು 30 ಘನಮೀಟರಿನಂತೆ ನೀರು ಸೋರತೊಡಗಿತು. ಪೈಪಿನ ಬಾಗು, ಅಂದರೆ ಎಲ್ಬೋ ಒಂದರಲ್ಲಿ 180 ಮಿಲಿಮೀಟರ್ ಉದ್ದದ ಆರಪಾರ ಬಿರುಕು. ಆ ವ್ಯವಸ್ಥೆ ಅದುವರೆಗೆ ಓಡಿದ್ದು ಒಟ್ಟು 1500 ಗಂಟೆಯ ಆಸುಪಾಸು, ಅಂದರೆ ಎರಡು ತಿಂಗಳು. ಶಾಖವಿನಿಮಯಕವನ್ನು ದಾಟಿ ತಣ್ಣಗಾಗಿ ಬಂದ ನೀರೂ, ಅದನ್ನು ಬಳಸದೆ ಬೈಪಾಸಿನಿಂದ ಬಂದ ಬಿಸಿನೀರೂ ಒಂದು ಟೀಯಲ್ಲಿ (ಮೂರು ಪೈಪು ಕೂಡುವ ಜೋಡಣೆ) ಸೇರುತ್ತಿದ್ದವು. ಕೆಲವೇ ಅಡಿ ಮುಂದೆ ಈ ಎಲ್ಬೋ. ಪೂರ್ತಿ ಬೆರೆಯದ ಬಿಸಿ ತಣ್ಣನೆಯ ಪಟ್ಟೆಗಳು ಅದರ ಒಳಮೈಯನ್ನು ನೆಕ್ಕುತ್ತ ಹೋದವು.

ಇಂಥ ಪಟ್ಟೆಗಳು ಸೆಕೆಂಡಿಗೆ ಒಂದೆರಡು ಸಲದಿಂದ ಹತ್ತು ಸೆಕೆಂಡಿಗೊಮ್ಮೆಯವರೆಗೆ ಬದಲಾಗುತ್ತವೆ. ಎರಡು ಸೆಕೆಂಡಿಗೊಮ್ಮೆ ಎಂದು ಹಿಡಿದರೂ 1500 ಗಂಟೆಯಲ್ಲಿ 27 ಲಕ್ಷ ಆವರ್ತನ. ಇದನ್ನು ಹೊರಗಿನಿಂದ ಹಿಡಿಯುವುದು ಎಷ್ಟು ಕಷ್ಟವೆಂದರೆ, ಸೆಕೆಂಡಿಗೊಮ್ಮೆ ಏರಿಳಿಯುವ ಉಷ್ಣತೆ ಸ್ಟೇನ್‌ಲೆಸ್ ಗೋಡೆಯಲ್ಲಿ ಸುಮಾರು ಒಂದು ಮಿಲಿಮೀಟರ್ ಆಳ ಹೋಗುವಷ್ಟರಲ್ಲಿ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. 10 ಮಿಲಿಮೀಟರ್ ದಪ್ಪದ ಗೋಡೆಯ ಹೊರಮೈಗೆ ಅದರ ಸುಳಿವೇ ತಲುಪುವುದಿಲ್ಲ. ಹೊರಗೆ ಕಟ್ಟಿದ, ಉಷ್ಣತೆ ಅಳೆಯುವ ಥರ್ಮೋಕಪಲ್ ಸ್ಥಿರ ಅಂಕಿ ತೋರಿಸುತ್ತಿರುತ್ತದೆ, ಒಳಗೆ ಚರ್ಮ ಒಣಗದ್ದೆಯ ಮಣ್ಣಿನಂತೆ ಜಾಲಜಾಲವಾಗಿ ಬಿರಿಯುತ್ತಿರುತ್ತದೆ. ಇಂಥ ಸಣ್ಣ ಬಿರುಕುಗಳಲ್ಲಿ ಹೆಚ್ಚಿನವು ಒಂದೆರಡು ಮಿಲಿಮೀಟರಿಗೆ ನಿಲ್ಲುತ್ತವೆ. ಬೆಸುಗೆಯ ಅಂಚಿನಂಥ ಕಡೆ, ಒರಟಾಗಿ ಬಿಟ್ಟ ಮೇಲ್ಮೈಯಲ್ಲಿ, ಪೈಪಿನ ಮೇಲೆ ಬೇರೆ ಎಳೆತವೂ ಇದ್ದರೆ ಒಂದು ಬಿರುಕು ಮುಂದೆ ಹೊರಡುತ್ತದೆ.

ಉಗ್ರಾಣದ ಲೆಕ್ಕ

ದಣಿವನ್ನು ಲೆಕ್ಕ ಹಾಕುವ ರೀತಿ ಅಕ್ಕಿಯ ಉಗ್ರಾಣದ ಲೆಕ್ಕದಂತೆ ಸರಳ. ಇಂತಿಷ್ಟು ಸ್ಟ್ರೆಸ್ಸಿನ ಪೆಟ್ಟನ್ನು ಈ ಲೋಹ ಎಷ್ಟು ಸಲ ತಾಳಬಲ್ಲದು ಎಂಬುದಕ್ಕೆ ಪ್ರಯೋಗಾಲಯದ ಪರೀಕ್ಷೆಗಳಿಂದ ಬಂದ ರೇಖೆ ಇದೆ. ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಸಂಹಿತೆಯಲ್ಲಿ ಆ ರೇಖೆಯನ್ನು ಹಾಗೇ ಬಳಸದೆ, ಸ್ಟ್ರೆಸ್ಸಿನಲ್ಲಿ 2 ಪಟ್ಟು, ಆವರ್ತನದಲ್ಲಿ 20 ಪಟ್ಟು ಕಡಿತ ಮಾಡಿ, ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದನ್ನು ಹಿಡಿಯುವ ಪದ್ಧತಿ ಬಂತು. ನಡೆದ ಆವರ್ತನವನ್ನು ತಾಳಬಲ್ಲ ಆವರ್ತನದಿಂದ ಭಾಗಿಸಿ, ಬಗೆಬಗೆಯ ಪೆಟ್ಟುಗಳದನ್ನೆಲ್ಲ ಕೂಡಿಸಿದರೆ ಬರುವ ಮೊತ್ತ 1 ದಾಟಬಾರದು.

ಉದಾಹರಣೆಗೆಂದು ಅಂಕಿಗಳನ್ನು ಹೀಗಿಟ್ಟುಕೊಳ್ಳೋಣ. ಒಂದು ನಾಝಲ್ ಪೂರ್ತಿ ಕಾದು ಆರುವ ಪೆಟ್ಟನ್ನು 2000 ಸಲ ತಾಳುತ್ತದೆ, ಸ್ಥಾವರದ ಬದುಕಿನಲ್ಲಿ ಅದು 200 ಸಲ ನಡೆಯುತ್ತದೆ: 0.1. ಇನ್ನೊಂದು ಬಗೆಯ ಸಣ್ಣ ಪೆಟ್ಟನ್ನು 10,000 ಸಲ ತಾಳುತ್ತದೆ, 1500 ಸಲ ನಡೆಯುತ್ತದೆ: 0.15. ಒಟ್ಟು 0.25. ನಲವತ್ತು ವರ್ಷಕ್ಕೆ ನಾಲ್ಕನೇ ಒಂದು ಪಾಲು ಮಾತ್ರ ಖರ್ಚು, ಆಯುಷ್ಯ ಹೆಚ್ಚಿಸಲು ಧಾರಾಳ ಜಾಗವಿದೆ ಎನ್ನಿಸುತ್ತದೆ. ಈಗ ಅದೇ ಜಾಗದಲ್ಲಿ ವಾಲ್ವು ಪಾಸಾಗಿ, 5000 ಸಲ ತಾಳಬಲ್ಲ ಪೆಟ್ಟು ದಿನಕ್ಕೆ 20 ಸಲ ಬಿದ್ದರೆ? ಒಂದು ವರ್ಷಕ್ಕೆ 7300 ಸಲ. ಬರೀ ಆ ವರ್ಷದ ಖರ್ಚು 1.46. ನಲವತ್ತು ವರ್ಷದ ಎಚ್ಚರದ ಉಳಿತಾಯವನ್ನು ದುರಸ್ತಿಯಾಗದ ಒಂದು ಸೀಟು ಒಂದೇ ವರ್ಷದಲ್ಲಿ ಕರಗಿಸುತ್ತದೆ.

ಆಯುಷ್ಯ ಹೆಚ್ಚಿಸುವ ಚರ್ಚೆಯಲ್ಲಿ ನಮ್ಮ ನಿಲುವು ಈ ಲೆಕ್ಕದಿಂದಲೇ ಹುಟ್ಟುತ್ತದೆ. ಘಟಕ ಎಷ್ಟು ಸಲ ನಿಂತು ಹೊರಟಿತು ಎಂಬ ದಾಖಲೆಯನ್ನು ಮಾತ್ರ ತೋರಿಸಿ ಪೈಪುಗಳು ಗಟ್ಟಿಯಾಗಿವೆ ಎನ್ನುವುದು ಸಾಲದು. 962 ದಿನದ ಓಟ ದೊಡ್ಡ ಪೈಪುಗಳ ಪಾಲಿಗೆ ನಿಜವಾದ ವಿಶ್ರಾಂತಿ. ಅಷ್ಟೂ ದಿನ ಕುರುಡು ಕವಲುಗಳಲ್ಲಿ, ಬೆರಕೆಯ ಟೀಗಳಲ್ಲಿ, ಸ್ಟೀಮ್ ಜನರೇಟರಿಗೆ ನೀರು ಉಣಿಸುವ ಫೀಡ್‌ವಾಟರ್ ನಾಝಲ್‌ಗಳಲ್ಲಿ ಏನು ನಡೆಯಿತು ಎಂಬುದನ್ನು ಆ ದಾಖಲೆ ಹೇಳುವುದಿಲ್ಲ. ಅದನ್ನು ಅಲ್ಲಲ್ಲೇ ಅಳೆದಿರಬೇಕು.

ಪ್ರಯೋಗಾಲಯದ ಹಳೆಯ ರೇಖೆಗಳ ಇನ್ನೊಂದು ಕೊರತೆಯನ್ನೂ ಹೇಳಬೇಕು. ಆ ಪರೀಕ್ಷೆಗಳು ಗಾಳಿಯಲ್ಲಿ ನಡೆದವು. ರಿಯಾಕ್ಟರಿನ ಬಿಸಿನೀರಿನಲ್ಲಿ, ಅದರಲ್ಲೂ ಎಳೆತ ನಿಧಾನವಾಗಿ ಏರುವಾಗ, ಅದೇ ಲೋಹ ಬೇಗ ಬಿರಿಯುತ್ತದೆ. ಈ ಪರಿಣಾಮವನ್ನು ಗುಣಕವಾಗಿ ಸೇರಿಸಬೇಕೆಂದು ಅಮೆರಿಕದ ನಿಯಂತ್ರಕರು 2007ರಲ್ಲಿ ಹೊಸ ಸ್ಥಾವರಗಳಿಗೆ ಮಾರ್ಗದರ್ಶನ ಕೊಟ್ಟರು. ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಿದ್ದರೆ ಕಾರ್ಬನ್ ಉಕ್ಕಿಗೆ ಈ ಕಾಟ ಕಡಿಮೆ. ನಮ್ಮ ಭಾರಜಲದ ಘಟಕಗಳಲ್ಲಿ ಆಮ್ಲಜನಕವನ್ನು ತೀರ ಕೆಳಗಿಡುವ ಶಿಸ್ತು ಈ ದೃಷ್ಟಿಯಿಂದಲೂ ಒಳ್ಳೆಯದು.

ಮಧ್ಯಾಹ್ನದ ಬಿಸಿಲು, ಸಂಜೆಯ ದೀಪ

ಪಾವಗಡದ 2050 ಮೆಗಾವಾಟಿನ ಸೌರ ಪಾರ್ಕು ಸಂಜೆ ಆರಕ್ಕೆ ಮಲಗುತ್ತದೆ. ಆಗ ಏರಬೇಕಾದವರು ಯಾರು? ಕಲ್ಲಿದ್ದಲ ಸ್ಥಾವರಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲೇ ನಿಯಮ ಮಾಡಿದೆ: ಮಧ್ಯಾಹ್ನ 55 ಪ್ರತಿಶತಕ್ಕೆ, ಮುಂದೆ ಹಂತಹಂತವಾಗಿ 40ಕ್ಕೆ ಇಳಿಯಬಲ್ಲಂತಿರಬೇಕು. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿರುವ 1200 ಮೆಗಾವಾಟಿನಂಥ ಕಲ್ಲಿದ್ದಲ ಸ್ಥಾವರಗಳಲ್ಲಿ ಉಗಿ 540 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಆ ಶಾಖದಲ್ಲಿ ಉಕ್ಕು ಭಾರ ಹೊತ್ತು ಸುಮ್ಮನಿದ್ದರೂ ವರ್ಷಗಟ್ಟಲೆಯಲ್ಲಿ ನಿಧಾನ ಜಗ್ಗುತ್ತದೆ. ಅದರ ಮೇಲೆ ಏರಿಳಿತದ ದಣಿವೂ ಸೇರಿದರೆ ದಪ್ಪ ಹೆಡರ್‌ಗಳಿಗೆ ಎರಡು ಕಡೆಯ ಪೆಟ್ಟು. ಅಣು ಸ್ಥಾವರದ 293 ಡಿಗ್ರಿಯಲ್ಲಿ ಕಾರ್ಬನ್ ಉಕ್ಕು ಹಾಗೆ ಜಗ್ಗುವುದಿಲ್ಲ, ದಣಿವೊಂದೇ ಇರುವುದು.

ಹಾಗಾದರೆ ಅಣು ಘಟಕವನ್ನೂ ಏರಿಳಿಸಬಹುದಲ್ಲ, ಫ್ರಾನ್ಸಿನಲ್ಲಿ ಮಾಡುತ್ತಾರಲ್ಲ ಎಂಬ ವಾದವಿದೆ. ಶಕ್ತಿಯನ್ನು 100ರಿಂದ 60ಕ್ಕೆ ಇಳಿಸಿದರೆ ಮುಖ್ಯ ಪೈಪುಗಳ ಉಷ್ಣತೆ ಬದಲಾಗುವುದು ಕೆಲವೇ ಹತ್ತು ಡಿಗ್ರಿ, ಅದು ದೊಡ್ಡ ಪೆಟ್ಟಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಸ್ಟೀಮ್ ಜನರೇಟರಿಗೆ ಹೋಗುವ ಫೀಡ್‌ವಾಟರನ್ನು ಟರ್ಬೈನಿನಿಂದ ಕದ್ದ ಉಗಿಯಿಂದ ಸುಮಾರು 170 ಡಿಗ್ರಿಗೆ ಕಾಯಿಸಿರುತ್ತಾರೆ. ಟರ್ಬೈನು ತಗ್ಗಿದರೆ ಆ ಉಗಿ ತಗ್ಗುತ್ತದೆ, ನೀರು ತಣ್ಣಗಾಗುತ್ತದೆ, ಹರಿವೂ ಕಡಿಮೆಯಾಗುತ್ತದೆ. ತಣ್ಣನೆಯ, ನಿಧಾನದ ನೀರು ಬಿಸಿ ನಾಝಲ್ಲಿಗೆ ಬಂದರೆ ಅಳಿವೆಯ ಕತೆ ಮತ್ತೆ ಶುರು. 1979ರ ಮೇ ತಿಂಗಳಲ್ಲಿ ಅಮೆರಿಕದ ಡಿ.ಸಿ. ಕುಕ್ ಎರಡನೇ ಘಟಕದಲ್ಲಿ ಸೋರಿದ್ದು ಇಂಥ ಜಾಗವೇ. ಘಟಕವನ್ನು ಬಿಸಿಯಾಗಿಟ್ಟು ಕಾಯುವಾಗ ಕೊಡುತ್ತಿದ್ದ ಸ್ವಲ್ಪ ಸ್ವಲ್ಪ ತಣ್ಣೀರು ನಾಝಲ್ ಪಕ್ಕದ ಬೆಸುಗೆಯನ್ನು ಬಿರಿಸಿತ್ತು. ಆಮೇಲೆ ಹುಡುಕಿದಾಗ ಇನ್ನೂ ಹಲವು ಸ್ಥಾವರಗಳಲ್ಲಿ ಅದೇ ಬಿರುಕು ಸಿಕ್ಕಿತು.

ದಿನಕ್ಕೊಂದು ಏರಿಳಿತ ಎಂದರೆ 20 ವರ್ಷಕ್ಕೆ 7300. ಮಾಮೂಲಿ ಕೈಗಾರಿಕಾ ಪೈಪುಗಳ ಸಂಹಿತೆಗಳು ಬಹುಕಾಲದಿಂದ ಸ್ಟ್ರೆಸ್ಸಿನ ಮಿತಿಯಲ್ಲಿ ಯಾವ ಕಡಿತವೂ ಇಲ್ಲದೆ ಒಪ್ಪಿಕೊಂಡು ಬಂದ ಮಿತಿ 7000. ಅದಕ್ಕೇ ನಮ್ಮ ಅಭಿಪ್ರಾಯ ಸ್ಪಷ್ಟ: ನೂರಾರು ಆವರ್ತನಕ್ಕೆಂದು ಕಟ್ಟಿದ ಹಳೆಯ ಅಣು ಘಟಕಗಳನ್ನು ದಿನದ ಏರಿಳಿತಕ್ಕೆ ಎಳೆಯಬಾರದು. ಸಂಜೆಯ ಏರಿಕೆಗೆ ಹೊಸಂಗಡಿಯ ಭೂಗರ್ಭದಲ್ಲಿರುವ 460 ಮೆಗಾವಾಟಿನ ವಾರಾಹಿ ವಿದ್ಯುದಾಗಾರದಂಥವೇ ಸರಿ. ಅಲ್ಲಿ ಹರಿಯುವುದು ತಣ್ಣನೆಯ ಮಳೆನೀರು. ದಿನಕ್ಕೆ ಎರಡು ಸಲ ನಿಂತು ಹೊರಟರೂ ಪೈಪಿಗೆ ಉಷ್ಣದ ದಣಿವಿಲ್ಲ.

ನೋಡುವುದು ಎಲ್ಲಿ, ಹೇಗೆ

ಬೆಸುಗೆಗಳನ್ನು ಮಾತ್ರ ಅಲ್ಟ್ರಾಸೋನಿಕ್‌ನಿಂದ ನೋಡುವ ಹಳೆಯ ರೂಢಿ ಉಷ್ಣದ ದಣಿವಿಗೆ ಸಾಲದು. ತಿಹಾಂಜಿನಲ್ಲಿ ಬಿರಿದದ್ದು ಎಲ್ಬೋದ ಲೋಹವೇ ಹೊರತು ಬೆಸುಗೆಯಲ್ಲ. ಆದ್ದರಿಂದ ಮೊದಲು ನಕ್ಷೆ ಹಿಡಿದು ಕೂತು, ಬಿಸಿ ಪೈಪಿಗೆ ಸೇರುವ ಪ್ರತಿ ಕವಲನ್ನೂ ಕೇಳಬೇಕು. ಆಚೆಯ ಒತ್ತಡ ಈಚೆಗಿಂತ ಹೆಚ್ಚೇ? ನಡುವೆ ಇರುವುದು ಒಂದೇ ವಾಲ್ವೇ? ಅಡ್ಡ ಮಲಗಿದ ತುಂಡು ಎಷ್ಟು ಉದ್ದ? ಹೌದು, ಹೌದು ಎಂದು ಉತ್ತರ ಬಂದ ಕಡೆ ಪೈಪಿನ ಸುತ್ತ ನೆತ್ತಿ, ತಳ, ಎರಡು ಬದಿ ಹೀಗೆ ಥರ್ಮೋಕಪಲ್‌ಗಳ ಉಂಗುರ ಕಟ್ಟಬೇಕು. ನೆತ್ತಿಯಲ್ಲೊಂದು ಮಾತ್ರ ಕಟ್ಟಿದರೆ ತಳದ ತಣ್ಣೀರು ಕಾಣುವುದೇ ಇಲ್ಲ. ನೆತ್ತಿ ತಳಗಳ ಅಂತರ ಒಂದೇ ಸಮ ಇದ್ದರೆ ಪೈಪು ಬಾಗಿದೆ ಎಂದರ್ಥ. ಅಂತರ ಓಲಾಡುತ್ತಿದ್ದರೆ ದಣಿಯುತ್ತಿದೆ. ಮೊದಲ ಮದ್ದು ವಾಲ್ವಿನ ಸೀಟನ್ನು ಉಜ್ಜಿ ಕೂರಿಸುವುದು. ಅದಕ್ಕೂ ಬಗ್ಗದಿದ್ದರೆ ವಾಲ್ವನ್ನು ದೂರಕ್ಕೆ ಸರಿಸುವುದು, ನಾಝಲ್ಲಿನೊಳಗೆ ತಣ್ಣೀರು ಗೋಡೆಗೆ ತಾಗದಂತೆ ಉಷ್ಣ ತೋಳು (ತೆಳು ಒಳಕೊಳವೆ) ಹಾಕುವುದು, ಬೆರಕೆಯ ಟೀಯ ಮುಂದೆ ನೇರ ಪೈಪನ್ನು ಉದ್ದ ಮಾಡುವುದು, ಒಳಗಿನ ಬೆಸುಗೆಯ ಉಬ್ಬನ್ನು ಸವರಿ ನುಣುಪು ಮಾಡುವುದು. ತೋಳು ಹಾಕಿದರೆ ಅದೂ ಸಡಿಲವಾಗುತ್ತದೆ ಎಂಬುದನ್ನು ಮರೆಯಬಾರದು. ಅಮೆರಿಕದ ಓಕೋನಿ ಎರಡನೇ ಘಟಕದಲ್ಲಿ 1997ರಲ್ಲಿ ಸೋರಿದ ನಾಝಲ್ಲಿನ ತೋಳು ಸಡಿಲವಾಗಿಯೇ ಇತ್ತು.

ಭಾರಜಲದ ಘಟಕಗಳಿಗೆ ಒಂದು ಅನುಕೂಲವಿದೆ. ಭಾರಜಲ ದುಬಾರಿ, ಅದರಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಇರುತ್ತದೆ. ಹಾಗಾಗಿ ಸಣ್ಣ ಸೋರಿಕೆಯೂ ಗಾಳಿಯ ಮಾಪಕಕ್ಕೆ ಬೇಗ ಸಿಕ್ಕಿಬೀಳುತ್ತದೆ. ಒಡೆಯುವ ಮೊದಲು ಸೋರಲಿ, ಸೋರಿದ್ದು ಕಾಣಲಿ ಎಂಬ ಸುರಕ್ಷತೆಯ ತತ್ವಕ್ಕೆ ಇದು ಬಲ ಕೊಡುತ್ತದೆ. ಆದರೆ ಫೀಡ್‌ವಾಟರ್ ಪೈಪಿನಲ್ಲಿ ಹರಿಯುವುದು ಸಾದಾ ನೀರು, ಅಲ್ಲಿ ಈ ಅನುಕೂಲವಿಲ್ಲ.

ಪೈಪಿನ ಆಸರೆಗಳನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಪೈಪನ್ನು ತೂಗುಹಾಕುವ ಸ್ಪ್ರಿಂಗ್ ಹ್ಯಾಂಗರ್‌ಗಳನ್ನು ನೀರಿನ ಒತ್ತಡ ಪರೀಕ್ಷೆಯ ಹೊತ್ತಿಗೆ ಪಿನ್ ಹಾಕಿ ಬಿಗಿದಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ಪಿನ್ ತೆಗೆಯದೆ ಬಿಟ್ಟರೆ ಮೊದಲ ಸಲ ಕಾದಾಗಲೇ ಪೈಪು ಸಿಕ್ಕಿಕೊಳ್ಳುತ್ತದೆ. ಸ್ನಬ್ಬರ್ ಎಂಬ ಸಾಧನ ನಿಧಾನದ ಹಿಗ್ಗುವಿಕೆಗೆ ದಾರಿ ಬಿಟ್ಟು ಭೂಕಂಪದ ಜರ್ಕಿಗೆ ಮಾತ್ರ ಬಿಗಿಯಬೇಕು. ಒಳಗೆ ತುಕ್ಕು ಹಿಡಿದರೆ ಯಾವಾಗಲೂ ಬಿಗಿದೇ ಇರುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ನಮ್ಮ ಕರಾವಳಿಯಲ್ಲಿ ಪೈಪಿನ ಕೆಲಸ ಮಾಡುವ ಯಾರಿಗೂ ಇದು ಗೊತ್ತಿರಬೇಕಾದ ಸಂಗತಿ. ಮಂಗಳೂರಿನ ಬೈಕಂಪಾಡಿಯ ಶೆಡ್ಡಿನಲ್ಲಿ ತಯಾರಾಗುವ ಸ್ಟೇನ್‌ಲೆಸ್ ಸ್ಪೂಲಿನ (ಮೊದಲೇ ಬೆಸೆದಿಟ್ಟ ಪೈಪಿನ ತುಂಡು) ತುದಿಗೆ ಮುಚ್ಚಳ ಹಾಕಿ, ಉಪ್ಪಿನಂಶ ತೊಳೆದು, ಒಣಗಿದ ಇನ್ಸುಲೇಷನ್ ಮಾತ್ರ ಸುತ್ತಬೇಕು. ಒದ್ದೆ ಇನ್ಸುಲೇಷನ್ನಿನ ಕ್ಲೋರೈಡು ಬಿಸಿ ಸ್ಟೇನ್‌ಲೆಸ್ಸನ್ನು ಹೊರಗಿನಿಂದ ಬಿರಿಸುತ್ತದೆ. ಆಮೇಲೆ ಒಳಗಿನಿಂದ ದಣಿವು ಬಂದರೆ ಎರಡು ಬಿರುಕು ಪರಸ್ಪರ ಹುಡುಕಿಕೊಂಡು ಹೋಗುತ್ತವೆ.

ಕೈಗಾದ ಹೊಸ ಘಟಕಗಳಿಗೆ ಬಂದರೆ, ಒಂದು ಬದಲಾವಣೆಯನ್ನು ವಿಶೇಷವಾಗಿ ಗಮನಿಸಬೇಕು. 220 ಮೆಗಾವಾಟಿನ ಘಟಕಗಳಲ್ಲಿ ಒತ್ತಡವನ್ನು ನೀರು ಸೇರಿಸಿ, ತೆಗೆದು ಕಾಯ್ದುಕೊಳ್ಳುತ್ತಾರೆ, ಪ್ರೆಷರೈಸರ್ ಇಲ್ಲ. 700 ಮೆಗಾವಾಟಿನವುಗಳಲ್ಲಿ ಪ್ರೆಷರೈಸರ್ ಇದೆ, ಅದರೊಂದಿಗೆ ಸರ್ಜ್ ಲೈನೂ ಬರುತ್ತದೆ. ಟ್ರೋಜನ್ನಿನಲ್ಲಿ ಸರಿದಂಥದ್ದೇ ಪೈಪು. ಇಂಧನ ಜ್ವಲಿಸುವ ಮೊದಲು, ಪಂಪುಗಳ ಶಾಖದಿಂದಲೇ ಇಡೀ ವ್ಯವಸ್ಥೆಯನ್ನು ಕಾಯಿಸಿ ನೋಡುವ ಬಿಸಿ ಪರೀಕ್ಷೆಯ ಹಂತವೊಂದಿದೆ. ಆಗ ಪ್ರತಿ ಹ್ಯಾಂಗರಿನ ತಣ್ಣನೆಯ ಗುರುತು, ಬಿಸಿಯ ಗುರುತು ಎರಡನ್ನೂ ಬರೆದುಕೊಂಡು ಲೆಕ್ಕದ ಅಂಕಿಗೆ ತಾಳೆ ನೋಡಬೇಕು. ಸರ್ಜ್ ಲೈನು, ಫೀಡ್‌ವಾಟರ್ ನಾಝಲ್, ನಿಂತಾಗ ತಣಿಸುವ ವ್ಯವಸ್ಥೆಯ ಟೀ ಇವುಗಳ ಸುತ್ತ ಥರ್ಮೋಕಪಲ್ ಉಂಗುರಗಳು ಆ ಹೊತ್ತಿಗೆ ಕಟ್ಟಿ ಮುಗಿದಿರಬೇಕು. ಆಗ ಒಂದು ಉಂಗುರ ಕಟ್ಟಲು ಏಣಿ, ಇಬ್ಬರು ಕೆಲಸಗಾರರು, ಅರ್ಧ ದಿನ ಸಾಕು. ಘಟಕ ಓಡತೊಡಗಿದ ಮೇಲೆ ಅದೇ ಉಂಗುರಕ್ಕೆ ಘಟಕ ನಿಲ್ಲುವವರೆಗೆ ಕಾಯಬೇಕು, ಇನ್ಸುಲೇಷನ್ ಬಿಚ್ಚಬೇಕು, ಕಟ್ಟುವ ಪ್ರತಿ ನಿಮಿಷಕ್ಕೂ ಕೆಲಸಗಾರನ ಮೈಮೇಲೆ ಬೀಳುವ ವಿಕಿರಣದ ಲೆಕ್ಕ ಇಡಬೇಕು.